ಬರ್ಮಾದಲ್ಲಿ ಮಾತ್ರ ಚಲಾವಣೆ

ನಮ್ಮ ಉಡುಪಿ ಕಡೆಯ ಹುಡುಗರು ಮುಂಬಯಿಯ ಹೋಟೆಲುಗಳಿಗೆ ಹೋದ ಹಾಗೆ, ಶ್ರೀಕಾಕುಳಂ, ವಿಶಾಖಪಟ್ಟಣ, ಗೋದಾವರಿ ಕಡೆಯ ಬಡವರು ಹಡಗು ಹತ್ತಿ ರಂಗೂನಿಗೆ ಹೋಗುತ್ತಿದ್ದರು. ಬಂದರಿನಲ್ಲಿ ಮೂಟೆ ಹೊರುವುದು, ಅಕ್ಕಿ ಗಿರಣಿ, ರಿಕ್ಷಾ ಎಳೆಯುವುದು ಅವರ ಕಸುಬು. ಕಾಕಿನಾಡದ ಹತ್ತಿರದ ಕೋರಂಗಿ ಬಂದರಿನ ಹೆಸರೇ ಅಲ್ಲಿ ತೆಲುಗರಿಗೆಲ್ಲ ಅಂಟಿಕೊಂಡಿತು. 1931ರ ಜನಗಣತಿಯಲ್ಲಿ ರಂಗೂನಿನ ಅರ್ಧಕ್ಕಿಂತ ಹೆಚ್ಚು ಜನ ಭಾರತೀಯರು.

1937ರ ಏಪ್ರಿಲ್ 1ರಂದು ಬ್ರಿಟಿಷರು ಬರ್ಮಾವನ್ನು ಭಾರತದಿಂದ ಬೇರೆ ಮಾಡಿದರು. ಆದರೂ ನೋಟು ಹೊರಡಿಸುವ ಕೆಲಸ ನಮ್ಮ ರಿಸರ್ವ್ ಬ್ಯಾಂಕಿನದೇ. ಮೊದಮೊದಲು ಭಾರತದ ನೋಟುಗಳ ಮೇಲೆಯೇ 'ಬರ್ಮಾದಲ್ಲಿ ಮಾತ್ರ ಚಲಾವಣೆ' ಎಂದು ಇಂಗ್ಲಿಷಿನಲ್ಲಿ ಅಚ್ಚೊತ್ತಿ ಕಳಿಸುತ್ತಿದ್ದರು. ಎಂಕಾಂ ಓದುವಾಗ ಇದು ನನಗೆ ಯಾರೂ ಹೇಳಿರಲಿಲ್ಲ. ಅಂಥ ಹತ್ತು ರೂಪಾಯಿಯ ನೋಟನ್ನು ಮೊದಲು ಕಂಡದ್ದು 1990ರ ಸುಮಾರಿಗೆ, ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದ ಮೇಲೆ, ನನ್ನ ಮೇಜಿನ ಮೇಲೆಯೇ. ತಂದವರು ಹಡಗುಕಟ್ಟೆಯಲ್ಲಿ ದುಡಿದು ನಿವೃತ್ತರಾದ ಒಬ್ಬ ಹಿರಿಯರು.

"ಬದಲಾಯಿಸೋಕೆ ಅಲ್ಲ ಬಾಬು. ಇದರ ಮೇಲೆ ಏನು ಬರೆದಿದೆ, ಸರಿಯಾಗಿ ಓದಿ ಹೇಳಿ" ಅಂದರು. ಓದಿ ಹೇಳಿದೆ. "ಹಾಗಾದ್ರೆ ಬೆಜವಾಡದ ಹೋಟೆಲಿನವನು ಸುಳ್ಳು ಹೇಳಿರಲಿಲ್ಲ" ಎಂದು ನಕ್ಕರು. ಬೆಜವಾಡ ಅಂದರೆ ವಿಜಯವಾಡದ ಹಳೆಯ ಹೆಸರು.

1941ರ ಡಿಸೆಂಬರ್ 23ರಂದು ಜಪಾನಿನ ವಿಮಾನಗಳು ರಂಗೂನಿನ ಮೇಲೆ ಬಾಂಬು ಸುರಿದಾಗ ಇವರಿಗೆ ಹದಿಮೂರು ವರ್ಷ. ಹಡಗಿನ ಟಿಕೆಟ್ಟು ದುಡ್ಡಿದ್ದವರಿಗೆ, ಬಿಳಿಯರಿಗೆ, ಉಳಿದವರು ನಡೆದರು. ಪ್ರೋಮ್‌ನಿಂದ ಟೌಂಗಪ್ ಕಣಿವೆ ದಾಟಿ ಅರಕಾನ್ ಕರಾವಳಿಗೆ, ಅಲ್ಲಿಂದ ದೋಣಿಯಲ್ಲಿ ಚಿತ್ತಗಾಂಗಿಗೆ. ಆ ದಾರಿಯಲ್ಲಿ ನೀರಿಲ್ಲ, ಕಾಲರಾ ಬೇರೆ. ಅವರ ತಾಯಿ ಅಲ್ಲೇ ಉಳಿದರು. ತಂದೆ ಗಿರಣಿಯ ಬಾಕಿ ಕೂಲಿ ವಸೂಲು ಮಾಡಿಕೊಂಡು ಬರುತ್ತೇನೆಂದು ರಂಗೂನಿನಲ್ಲೇ ನಿಂತಿದ್ದವರು. ಹೊರಡುವಾಗ ಮಗನ ಸೊಂಟಕ್ಕೆ ಕಟ್ಟಿದ್ದು ಈ ನೋಟು. ಮಾರ್ಚ್ 8ಕ್ಕೆ ಜಪಾನೀಯರು ರಂಗೂನಿಗೆ ಬಂದರು. ತಂದೆಯ ಸುದ್ದಿ ಆಮೇಲೆ ಬರಲಿಲ್ಲ. ಆ ವರ್ಷ ಬರ್ಮಾ ಬಿಟ್ಟ ಭಾರತೀಯರು ನಾಲ್ಕೈದು ಲಕ್ಷ. ದಾರಿಯಲ್ಲಿ ಸತ್ತವರ ಲೆಕ್ಕ ಸರಿಯಾಗಿ ಇಟ್ಟವರಿಲ್ಲ.

ಚಿಕ್ಕಪ್ಪನ ಜೊತೆ ವಾಲ್ಟೇರ್ ಸ್ಟೇಷನ್ನಿನಲ್ಲಿ ಇಳಿದು ವಾರವಾಗಿರಲಿಲ್ಲ, ಏಪ್ರಿಲ್ 6ರಂದು ವಿಶಾಖಪಟ್ಟಣದ ಮೇಲೂ ಬಾಂಬು ಬಿತ್ತು. ಅದೇ ದಿನ ಕಾಕಿನಾಡಕ್ಕೂ ಬಿತ್ತು. ಊರಿಗೆ ಊರೇ ಗಂಟುಮೂಟೆ ಕಟ್ಟಿತು. ಇವರೂ ಮತ್ತೆ ರೈಲು ಹತ್ತಿ ಬೆಜವಾಡ ಸೇರಿದರು. ನೋಟು ಕೊಟ್ಟರೆ ಹೋಟೆಲಿನವನು ಊಟ ಕೊಡಲಿಲ್ಲ, ತಟ್ಟೆ ತೊಳೆಯುವ ಕೆಲಸ ಕೊಟ್ಟ. ಅಲ್ಲಿ ನಾಲ್ಕು ವರ್ಷ. ತೆಲುಗಿನ ನಡುವೆ ಬರ್ಮೀ ಮಾತು ನುಸುಳುತ್ತಿದ್ದುದರಿಂದ ಎಲ್ಲರಿಗೂ ಇವರು 'ರಂಗೂನ್ ಹುಡುಗ'. "ಮನೆಗೆ ಹೋಗ್ತಾ ಇದ್ದೀವಿ ಅಂತ ಅಮ್ಮ ದಾರಿಯುದ್ದಕ್ಕೂ ಹೇಳ್ತಿದ್ದಳು. ನಾನು ಹುಟ್ಟಿದ್ದೇ ರಂಗೂನಿನಲ್ಲಿ. ನನಗೆ ಮನೆಯಿಂದ ದೂರ ಹೋಗ್ತಿದ್ದ ಹಾಗೇ ಇತ್ತು" ಎಂದರು.

ಯುದ್ಧ ಮುಗಿದ ಮೇಲೆ ಬಹಳ ಮಂದಿ ಬರ್ಮಾಕ್ಕೆ ಮರಳಿದರು. ಇವರಿಗೆ ಸಿಂಧಿಯಾ ಕಂಪನಿಯ ಹಡಗುಕಟ್ಟೆಯಲ್ಲಿ ಹೆಲ್ಪರ್ ಕೆಲಸ ಸಿಕ್ಕಿತು. ಮುಂದೆ ಹಿಂದೂಸ್ತಾನ್ ಶಿಪ್‌ಯಾರ್ಡ್ ಆದದ್ದು ಅದೇ. 1948ರ ಮಾರ್ಚ್ 14ರಂದು ನೆಹರೂ 'ಜಲ ಉಷಾ' ಹಡಗನ್ನು ನೀರಿಗಿಳಿಸಿದಾಗ ಗುಂಪಿನಲ್ಲಿ ಇವರೂ ಇದ್ದರು. ನೆಹರೂ ಮುಖ ಕಾಣಲಿಲ್ಲವಂತೆ. ಹಡಗು ಜಾರಿದ್ದು ಕಂಡರಂತೆ.

ಎರಡನೇ ಅಲೆ 1964ರದು. ಜನರಲ್ ನೇ ವಿನ್ ಸರ್ಕಾರ 1963ರಲ್ಲಿ ಬ್ಯಾಂಕುಗಳನ್ನು, ಮರುವರ್ಷ ಮಾರ್ಚಿನಲ್ಲಿ ಅಂಗಡಿಗಳನ್ನು ವಶಮಾಡಿಕೊಂಡಿತು. ಮೇ ತಿಂಗಳಲ್ಲಿ 50 ಮತ್ತು 100 ಕ್ಯಾಟ್ ನೋಟು ರದ್ದು. ಭಾರತೀಯರು ಲಕ್ಷಗಟ್ಟಲೆ ವಾಪಸು ಬಂದರು. ಸರ್ಕಾರಿ ಕಾಗದದಲ್ಲಿ ಇವರು 'ರಿಪೇಟ್ರಿಯೇಟ್', ಅಂದರೆ ತಾಯ್ನಾಡಿಗೆ ಮರಳಿದವರು. ನೋಡೇ ಇರದ ನಾಡಿಗೆ ಮರಳುವುದು ಹೇಗೋ, ಆ ಪದ ಹುಡುಕಿದವರೇ ಹೇಳಬೇಕು. ಕಂಚರಪಾಲೆಂನಲ್ಲಿ ಅವರು ನೆಲೆಸಿದ ಜಾಗಕ್ಕೆ ಬರ್ಮಾ ಕ್ಯಾಂಪ್ ಎಂದೇ ಹೆಸರಾಯಿತು. ನಮ್ಮ ಹಿರಿಯರು ಭಾನುವಾರ ಅಲ್ಲಿಗೆ ಹೋಗಿ, ಗಿರಣಿಯ ಹೆಸರು ಹೇಳಿ ತಂದೆಯ ಬಗ್ಗೆ ವಿಚಾರಿಸುತ್ತಿದ್ದರು. ಗೊತ್ತಿದ್ದವರು ಸಿಗಲಿಲ್ಲ. ಹೋಗುವುದು ಮಾತ್ರ ನಿಲ್ಲಲಿಲ್ಲ, ಯಾಕೆಂದರೆ ಅಲ್ಲಿಯವರಿಗೆ ಬೇರೆಯೇ ಕೆಲಸಕ್ಕೆ ಇವರು ಬೇಕಾಗಿದ್ದರು.

ಸಾಲ ಕೊಡಲು ನಾವು ಕೇಳುವುದು ಸ್ಥಳೀಯ ಜಾಮೀನು. ಹಡಗಿನಿಂದ ಇಳಿದವನಿಗೆ ಸ್ಥಳೀಯ ಯಾರು? ಇದಕ್ಕೆಂದೇ ಕೇಂದ್ರ ಸರ್ಕಾರ 1969ರಲ್ಲಿ ಮದರಾಸಿನಲ್ಲಿ ಬರ್ಮಾ, ಸಿಂಹಳದಿಂದ ಬಂದವರ ಸಹಕಾರಿ ಬ್ಯಾಂಕು ತೆರೆಯಿತು. ಈಗಿನ ರೆಪ್ಕೋ ಬ್ಯಾಂಕ್ ಅದೇ. ಅದಕ್ಕೆ ಮೊದಲು ಹೊಲಿಗೆ ಯಂತ್ರಕ್ಕೆ, ತಳ್ಳುಗಾಡಿಗೆ ಸಾಲವೆಂದರೆ ಹಡಗುಕಟ್ಟೆಯ ಸಂಬಳದ ಚೀಟಿ ಹಿಡಿದು ಜಾಮೀನಿಗೆ ಸಹಿ ಹಾಕುತ್ತಿದ್ದವರು ಇವರು. ಹನ್ನೊಂದು ಜನಕ್ಕೆ ಹಾಕಿದರಂತೆ. ಇಬ್ಬರು ಕೈಕೊಟ್ಟರು, ಆ ಕಂತು ಇವರೇ ಕಟ್ಟಿದರು. ನಾನು ಹಲ್ಲಿನ ಸಂದಿಯಿಂದ 'ಅಯ್ಯೋ' ಅಂದೆ, ಬ್ಯಾಂಕಿನವನಲ್ಲವೇ. ಆ ಸಂಜೆ ಅವರೇ ನನ್ನನ್ನು ಕಂಚರಪಾಲೆಂಗೆ ಕರೆದೊಯ್ದು, ಹನ್ನೊಂದರಲ್ಲಿ ಒಬ್ಬರ ಮಗ ನಡೆಸುತ್ತಿದ್ದ ಗಾಡಿಯಲ್ಲಿ ಬರ್ಮಾದ ಕಾವುಸ್ವೆ ಕೊಡಿಸಿದರು. ಶಾವಿಗೆಯ ಹಾಗಿರುತ್ತದೆ. ನನಗೆ ಮೊಟ್ಟೆ ಹಾಕಬೇಡ ಎಂದು ಬರ್ಮೀ ಭಾಷೆಯಲ್ಲೇ ಹೇಳಿದರು. ಗಾಡಿಯ ಹುಡುಗನಿಗೆ ಅದು ಅರ್ಥವಾಗಲಿಲ್ಲ, ತೆಲುಗಿನಲ್ಲಿ ಹೇಳಬೇಕಾಯಿತು.