ಕರಾವಳಿ ಮತ್ತು ಮಲೆನಾಡಿನ ಮನೆಗಳಲ್ಲಿ ಮರದ ಕುಂಬು ಹಾಗೂ ದುರಸ್ತಿ: ಒಂದು ಚಾರಿತ್ರಿಕ ನೋಟ

ಕರ್ನಾಟಕದ ವಾಸ್ತು ಚರಿತ್ರೆಯೆಂದರೆ ಬಹುಮಟ್ಟಿಗೆ ಕಲ್ಲಿನ ಚರಿತ್ರೆಯೇ ಆಗಿದೆ. ಜನಸಾಮಾನ್ಯರು ಬಾಳಿದ ಮರದ ಮನೆಗಳು ಹೇಗೆ ಉಳಿದವು, ಹೇಗೆ ಅಳಿದವು ಎಂಬ ಪ್ರಶ್ನೆಗೆ ಸಿಕ್ಕಿರುವ ಗಮನ ಅಲ್ಪ. ಶಾಸನಗಳು ಗುಡಿಯ ಜೀರ್ಣೋದ್ಧಾರವನ್ನು ದಾಖಲಿಸುತ್ತವೆ. ಮನೆಯ ತೊಲೆ ಬದಲಿಸಿದ್ದನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸುವುದಿಲ್ಲ. ಆದ್ದರಿಂದ ಈ ಚರಿತ್ರೆಯನ್ನು ಮನೆಗಳಲ್ಲಿಯೇ ಓದಬೇಕಾಗುತ್ತದೆ.

ಮರವನ್ನು ಕುಂಬಾಗಿಸುವುದು ಶಿಲೀಂಧ್ರ. ಮರದ ತೇವಾಂಶ ಸುಮಾರು ಶೇ. 20ಕ್ಕಿಂತ ಕೆಳಗಿದ್ದರೆ ಅದು ಬೆಳೆಯಲಾರದು. ಹಳೆಯ ಬಡಗಿಗಳಿಗೆ ಈ ಲೆಕ್ಕ ತಿಳಿಯದಿದ್ದರೂ ಅದರ ಫಲ ತಿಳಿದಿತ್ತು. ಕಂಬವನ್ನು ನೆಲದಲ್ಲಿ ಹೂಳದೆ ಕಲ್ಲಿನ ಪೀಠದ ಮೇಲೆ ನಿಲ್ಲಿಸುವುದು, ಹೊರಗಿನ ಬಿಳಿಮರವನ್ನು ಕೆತ್ತಿ ತೆಗೆದು ಚೇಗನ್ನು ಮಾತ್ರ ಬಳಸುವುದು, ಗೇರೆಣ್ಣೆ ಬಳಿಯುವುದು ಇವೆಲ್ಲ ಆ ತಿಳಿವಳಿಕೆಯ ಕುರುಹುಗಳು. ಕಂಬದ ಬುಡ ಲಡ್ಡಾದಾಗ ಮಾಡನ್ನು ಊರೆಗಳಿಂದ ಹೊರಿಸಿ, ಕೆಟ್ಟ ಭಾಗವನ್ನು ಗಟ್ಟಿ ಮರ ಸಿಗುವವರೆಗೆ ಕೊಯ್ದು, ಹೊಸ ತುಂಡನ್ನು ಅರ್ಧರ್ಧ ಕೊರೆದು ಕೂಡಿಸಿ ಮರದ ಗೂಟ ಜಡಿಯಲಾಗುತ್ತಿತ್ತು. ಕೆಲವೆಡೆ ಹೊಸ ತುಂಡಿನ ಬದಲು ಕಲ್ಲನ್ನೇ ಎತ್ತರಿಸಲಾಗಿದೆ.

1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದುದು ಈ ಚರಿತ್ರೆಯ ಒಂದು ಪ್ರಮುಖ ತಿರುವು. ಮುಳಿಹುಲ್ಲಿನ ಮಾಡನ್ನು ಮಳೆಗಾಲಕ್ಕೆ ಮುನ್ನ ಪ್ರತಿವರ್ಷ ಹೊದಿಸಬೇಕಿತ್ತು. ಆಗ ಪಕಾಸುಗಳು ಕಣ್ಣಿಗೆ ಬೀಳುತ್ತಿದ್ದವು. ಹಂಚು ಬಂದ ಮೇಲೆ ಆ ವಾರ್ಷಿಕ ತಪಾಸಣೆ ತಪ್ಪಿತು. ಒಡೆದ ಒಂದು ಹಂಚಿನಡಿ ನಾಲ್ಕಾರು ಮಳೆಗಾಲ ನೀರಿಳಿದರೂ ಗೊತ್ತಾಗುತ್ತಿರಲಿಲ್ಲ. ಚೌಕಿಮನೆಗಳಲ್ಲಿ ಮಾಡುಗಳು ಕೂಡುವ ಅಂಗಳದ ಒಳಮೂಲೆಗಳೇ ಮೊದಲು ಕೆಡುವುದು ಇದೇ ಕಾರಣಕ್ಕೆ. ಒಲೆಯ ಹೊಗೆ ನಿಂತುದು ಇನ್ನೊಂದು ಕಾರಣ. ಅಟ್ಟವನ್ನು ಒಣಗಿಸಿಡುತ್ತಿದ್ದುದು ಅದೇ. ಇವೆರಡಕ್ಕಿಂತಲೂ ಹೆಚ್ಚಿನ ಹಾನಿ ಸಿಮೆಂಟಿನದು. ಕಂಬದ ಬುಡಕ್ಕೂ ಗೋಡೆ ಹೊಕ್ಕ ತೊಲೆಯ ತುದಿಗೂ ಮೆತ್ತಿದ ಗಾರೆ ಭದ್ರತೆಯಂತೆ ತೋರಿದರೂ ತೇವವನ್ನು ಒಳಗೇ ಹಿಡಿದಿಟ್ಟಿತು.

ಈ ನಡುವೆ ವಿಜ್ಞಾನವೂ ಮರದ ರಕ್ಷಣೆಗೆ ಕೈಹಾಕಿತು. ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೊಂಟಿ ಕಾಮೇಶಂ ಅವರು 1933ರಲ್ಲಿ ‘ಆಸ್ಕು’ ಎಂಬ ಸಂರಕ್ಷಕವನ್ನು ರೂಪಿಸಿದರು. ಅದರಲ್ಲಿ ತಾಮ್ರ ಶಿಲೀಂಧ್ರವನ್ನೂ ಆರ್ಸೆನಿಕ್ ಗೆದ್ದಲನ್ನೂ ತಡೆದರೆ, ಕ್ರೋಮಿಯಂ ಇವೆರಡೂ ನೀರಿನಲ್ಲಿ ತೊಳೆದುಹೋಗದಂತೆ ಮರಕ್ಕೆ ಕಚ್ಚಿಸುತ್ತದೆ. 1938ರಲ್ಲಿ ಅಮೆರಿಕದ ಪೇಟೆಂಟ್ ಪಡೆದ ಈ ಭಾರತೀಯ ಶೋಧ ಜಗತ್ತಿನಾದ್ಯಂತ ಬಳಕೆಗೆ ಬಂದಿತು. ಆರ್ಸೆನಿಕ್‌ನ ಭಯದಿಂದ 2003ರ ಕೊನೆಗೆ ಅಮೆರಿಕದಲ್ಲಿ ಮನೆಬಳಕೆಯ ಮರಕ್ಕೆ ಅದನ್ನು ಹಾಕುವುದು ನಿಂತಿತು. ಆದರೆ ಹಳೆಯ ಮನೆಗಳ ಮಟ್ಟಿಗೆ ಅದರ ಪ್ರಯೋಜನ ಮೊದಲಿನಿಂದಲೂ ಸೀಮಿತವೇ. ಒತ್ತಡದಲ್ಲಿ ಊಡಿಸುವ ಈ ದ್ರಾವಣ ಬಿಳಿಮರವನ್ನು ಹೊಗುವಷ್ಟು ಸುಲಭವಾಗಿ ಚೇಗನ್ನು ಹೊಗದು. ನಿಂತ ಕಂಬವನ್ನು ಕೊಳವೆಯೊಳಗೆ ಇಡುವುದಂತೂ ಸಾಧ್ಯವಿಲ್ಲ.

ಹೀಗಾಗಿ ಕೊಯ್ದು ಕೂಡಿಸುವ ಹಳೆಯ ವಿಧಾನವೇ ಇಂದಿಗೂ ಆಧಾರ. ವಿಜಯನಾಥ ಶೆಣೈ ಅವರು ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮಕ್ಕೆ ತಂದು ನಿಲ್ಲಿಸಿದ 1816ರ ಕುಂಜೂರು ಚೌಕಿಮನೆಯಂಥ ಕಟ್ಟಡಗಳನ್ನು ಬಿಚ್ಚಿ ಮರಳಿ ಕಟ್ಟಲು ಸಾಧ್ಯವಾದದ್ದು ಅವುಗಳ ಮರಗೆಲಸ ಬಿಚ್ಚಬಲ್ಲ ಜೋಡಣೆಯದಾಗಿದ್ದುದರಿಂದಲೇ.