ವಿದ್ಯಾರ್ಥಿಯ ಮನಃಸಂಕಟವೂ ಅಧ್ಯಾಪಕರ ಕರ್ತವ್ಯವೂ

ಚನ್ನಗಿರಿ ತಾಲ್ಲೂಕಿನ ನಲ್ಲೂರು ಅಡಕೆಯ ಸೀಮೆಯ ಊರು. ಅಲ್ಲಿಂದಲೂ ಸುತ್ತಣ ಹಳ್ಳಿಗಳಿಂದಲೂ ಉಚ್ಚ ವ್ಯಾಸಂಗವನ್ನು ಬಯಸಿ ಹೊರಡುವ ತರುಣರಿಗೆ ಇಂದು ಎರಡು ವಿದ್ಯಾಕೇಂದ್ರಗಳು ಸಮೀಪವಾಗಿವೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯವು 1987ರಲ್ಲಿಯೂ, ತೋಳಹುಣಸೆಯ ದಾವಣಗೆರೆ ವಿಶ್ವವಿದ್ಯಾನಿಲಯವು 2009ರಲ್ಲಿಯೂ ಸ್ಥಾಪಿತವಾದುವು. ಈ ತರುಣರಲ್ಲಿ ಮನೆತನಕ್ಕೆಲ್ಲ ಮೊದಲಿಗರಾಗಿ ಕಾಲೇಜಿನ ಮೆಟ್ಟಿಲು ಹತ್ತಿದವರೂ ಇರುವರು. ಮನೆಯವರ ಆಶೆಯ ಭಾರವೆಲ್ಲವೂ ಅವರ ಹೆಗಲ ಮೇಲಿರುತ್ತದೆ. ಮನೆಯಿಂದ ದೂರವಿರುವಾಗ ಅಂಥವರ ಮನಸ್ಸು ಕುಸಿದರೆ, ಅದನ್ನು ಮೊದಲು ಕಾಣತಕ್ಕವರು ತಾಯಿತಂದೆಗಳಲ್ಲ. ತರಗತಿಯ ಅಧ್ಯಾಪಕರು, ವಿದ್ಯಾರ್ಥಿನಿಲಯದ ವಾರ್ಡನ್ನರು, ಕಚೇರಿಯ ಗುಮಾಸ್ತರು, ಪುಸ್ತಕಭಂಡಾರದ ನೌಕರರು. ಆಗ ಇವರು ಮಾಡಬೇಕಾದುದೇನೆಂಬ ಪ್ರಶ್ನೆಗೆ ನಮ್ಮ ನಾಡಿನ ಚರಿತ್ರೆಯಲ್ಲಿಯೇ ಉತ್ತರವನ್ನು ಹುಡುಕುವುದು ಈ ಲೇಖನದ ಉದ್ದೇಶವಾಗಿದೆ.

ಬೆಂಗಳೂರಿನಲ್ಲಿ ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿಯೇ ಮನೋರೋಗಿಗಳಿಗಾಗಿ ಒಂದು ಆಲಯವು ಏರ್ಪಟ್ಟಿತ್ತು. ಜನರು ಅದನ್ನು ಹುಚ್ಚಾಸ್ಪತ್ರೆಯೆಂದು ಕರೆದರು. 1925ರಲ್ಲಿ ಅದಕ್ಕೆ ಮಾನಸಿಕ ಆಸ್ಪತ್ರೆಯೆಂಬ ಹೆಸರಾಯಿತು. 1954ರಲ್ಲಿ ಅದರ ನೆರೆಯಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಹುಟ್ಟಿತು. 1974ರಲ್ಲಿ ಎರಡೂ ಕೂಡಿ ಇಂದಿನ ನಿಮ್ಹಾನ್ಸ್ ಆಯಿತು. ಮುಂದೆ ಈ ಸಂಸ್ಥೆಯವರು, ರೋಗಿಯು ಆಸ್ಪತ್ರೆಯನ್ನು ಹುಡುಕಿಕೊಂಡು ಬರಲೆಂದು ಕಾಯದೆ, 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋವ್ಯಾಧಿಯ ಲಕ್ಷಣಗಳನ್ನು ಕಲಿಸಿಕೊಟ್ಟರು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯ ಈ ಪ್ರಯೋಗವೇ ಮಾದರಿಯಾಯಿತು. ಮನೋರೋಗದ ತಜ್ಞನಲ್ಲದವನೂ ಸಂಕಟವನ್ನು ಗುರುತಿಸಿ ಸರಿಯಾದ ಬಾಗಿಲಿಗೆ ಮುಟ್ಟಿಸಬಲ್ಲನೆಂಬುದು ಇದರಿಂದ ಸ್ಪಷ್ಟವಾಯಿತು.

ಇನ್ನು ವಿಶ್ವವಿದ್ಯಾನಿಲಯದ ಕಡೆಗೆ ನೋಡೋಣ. ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದುದು 1916ರಲ್ಲಿ. ಅಲ್ಲಿ 1924ರಲ್ಲಿ ಮನಶ್ಶಾಸ್ತ್ರದ ವಿಭಾಗವು ತೆರೆಯಿತು. ಅದನ್ನು ಕಟ್ಟಿದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮುಂದೆ 1935ರಲ್ಲಿ ಮೈಸೂರಿನಲ್ಲಿ ಆಕಾಶವಾಣಿಯನ್ನು ಆರಂಭಿಸಿದ ಮಹನೀಯರೇ ಆಗಿದ್ದಾರೆ. ಹೀಗೆ ಮನಸ್ಸೆಂಬುದು ನಮ್ಮಲ್ಲಿ ಬಹು ಮುಂಚೆಯೇ ಪಾಠದ ವಿಷಯವಾಯಿತು. ಆದರೆ ಪಾಠವನ್ನು ಕೇಳುವವನ ಮನಸ್ಸನ್ನು ನೋಡಿಕೊಳ್ಳುವ ಹೊಣೆಯು ಬಹುಕಾಲ ಆಯಾ ಅಧ್ಯಾಪಕರ, ಆಯಾ ವಾರ್ಡನ್ನರ ಸ್ವಭಾವಕ್ಕೆ ಬಿಟ್ಟ ಮಾತಾಗಿತ್ತು. ಕರುಣಾಳುವು ದೊರೆತವನು ಉಳಿದುಕೊಂಡನು; ದೊರೆಯದವನ ಗತಿಯನ್ನು ಕೇಳುವವರಿರಲಿಲ್ಲ. ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಾದರೋ ವಿದ್ಯಾರ್ಥಿಗಳ ಮನಸ್ಸಿನ ಆರೋಗ್ಯಕ್ಕೆಂದೇ ಒಂದು ಏರ್ಪಾಡು 1910ರಲ್ಲಿಯೇ ಆಗಿತ್ತು.

ನಮ್ಮವರ ಹಿಂಜರಿಕೆಗೆ ಕಾನೂನೂ ಒಂದು ಕಾರಣವಾಗಿತ್ತೆನ್ನಬೇಕು. 1860ರ ಭಾರತ ದಂಡಸಂಹಿತೆಯ 309ನೆಯ ಕಲಮು ಆತ್ಮಹತ್ಯೆಯ ಪ್ರಯತ್ನವನ್ನು ಅಪರಾಧವೆಂದು ಎಣಿಸಿತ್ತು. ಅಪರಾಧವಾದ ಮೇಲೆ ಪೋಲೀಸು, ಅಪವಾದ, ಸಂಸ್ಥೆಯ ಮಾನ ಎಂಬ ಚಿಂತೆಗಳು ಬಂದೇ ಬರುವುವು. ವಿಷಯವನ್ನು ಮುಚ್ಚಿಡುವುದೋ, ವಿದ್ಯಾರ್ಥಿಯನ್ನು ಊರಿಗೆ ಕಳುಹಿಸಿ ಕೈತೊಳೆದುಕೊಳ್ಳುವುದೋ ಸುಲಭವಾಗಿ ತೋರುವುದು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯು ಈ ದೃಷ್ಟಿಯನ್ನು ಬದಲಿಸಿತು. ಇಂಥ ಪ್ರಯತ್ನ ಮಾಡಿದವನು ತೀವ್ರವಾದ ಮನೋಭಾರದಿಂದ ಬಳಲುತ್ತಿದ್ದನೆಂದೇ ಭಾವಿಸಿ, ಅವನಿಗೆ ಆರೈಕೆಯನ್ನು ಒದಗಿಸಬೇಕೆಂದು ಅದು ವಿಧಿಸಿತು. 2024ರ ಜುಲೈ 1ರಿಂದ ಹಳೆಯ ದಂಡಸಂಹಿತೆಯೇ ಹೋಯಿತು. ಅದರೊಡನೆ ಆ ಕಲಮೂ ಹೋಯಿತು. ಆದುದರಿಂದ ಕಾನೂನಿನ ಹೆಸರು ಹೇಳಿ ಹಿಂದೆ ಸರಿಯುವುದಕ್ಕೆ ಇಂದು ಆಸ್ಪದವಿಲ್ಲ.

"ನಾವು ವೈದ್ಯರಲ್ಲ, ನಮ್ಮಿಂದೇನಾದೀತು?" ಎಂದು ಅಧ್ಯಾಪಕರು ಕೇಳಬಹುದು. ಇದಕ್ಕೆ ಲಂಡನ್ ನಗರದ ಒಂದು ವೃತ್ತಾಂತವು ಉತ್ತರ ಕೊಡುತ್ತದೆ. 1953ರಲ್ಲಿ ಚಾಡ್ ವಾರಾ ಎಂಬ ಪಾದ್ರಿಯು, ಬದುಕು ಬೇಡವೆಂದವರಿಗೆ ಸಲಹೆ ಹೇಳಲು ತಮ್ಮ ಚರ್ಚಿನಲ್ಲಿ ಒಂದು ಟೆಲಿಫೋನನ್ನು ಇರಿಸಿ ಕುಳಿತರು. ಬಂದವರು ಸರದಿಗಾಗಿ ಕಾಯುವಾಗ, ನೆರವಿಗೆಂದು ಬಂದಿದ್ದ ಸಾಮಾನ್ಯ ಜನರು ಅವರಿಗೆ ಚಹಾ ಕೊಟ್ಟು ಜೊತೆಯಲ್ಲಿ ಕುಳಿತು ಅವರ ಮಾತನ್ನು ಕೇಳುತ್ತಿದ್ದರು. ಹಾಗೆ ಹೇಳಿಕೊಂಡವರಲ್ಲಿ ಅನೇಕರಿಗೆ ಮತ್ತೆ ಪಾದ್ರಿಯನ್ನು ಕಾಣುವ ಅಗತ್ಯವೇ ಬೀಳಲಿಲ್ಲ. ಇದನ್ನು ಕಂಡ ವಾರಾ ಅವರು ಆ ಕೆಲಸವನ್ನು ಆ ಸಾಮಾನ್ಯರ ಕೈಗೇ ಒಪ್ಪಿಸಿದರು. ಸಮರಿಟನ್ಸ್ ಎಂಬ ಪ್ರಖ್ಯಾತ ಸಂಘವು ಬೆಳೆದದ್ದು ಹೀಗೆ.

ಹೀಗಿರಲು ಅಧ್ಯಾಪಕರ ಕರ್ತವ್ಯವು ಇಷ್ಟೆಂದು ಹೇಳಬಹುದು. ಚೆನ್ನಾಗಿ ಓದುತ್ತಿದ್ದವನು ತರಗತಿಗೆ ಬರುವುದನ್ನು ಬಿಟ್ಟರೆ, ಗೆಳೆಯರಿಂದ ದೂರವಾದರೆ, ಊಟ ನಿದ್ರೆಗಳನ್ನು ತೊರೆದರೆ, ಪ್ರಿಯವಾದ ವಸ್ತುಗಳನ್ನು ಹಂಚತೊಡಗಿದರೆ ಅದನ್ನು ಗಮನಿಸಬೇಕು. ಏಕಾಂತದಲ್ಲಿ ಕರೆದು, "ಏನಪ್ಪಾ, ಏನಮ್ಮಾ" ಎಂದು ಮೃದುವಾಗಿ ವಿಚಾರಿಸಬೇಕು. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಲು ಅಂಜಬಾರದು. ಕೇಳುವುದರಿಂದ ಇಲ್ಲದ ಯೋಚನೆಯು ಹುಟ್ಟುವುದಿಲ್ಲ, ಇರುವ ಭಾರವು ಇಳಿಯುವುದುಂಟು. ಹೌದೆಂದರೆ ಉಪದೇಶವನ್ನಾಗಲಿ ಗದರಿಕೆಯನ್ನಾಗಲಿ ಮಾಡದೆ ಕೇಳಬೇಕು. ಅವನನ್ನು ಒಬ್ಬನೇ ಬಿಡದೆ, ಜೊತೆಯಲ್ಲಿಯೇ ಇದ್ದು ಆಪ್ತಸಲಹೆಗಾರರ ಅಥವಾ ಆಸ್ಪತ್ರೆಯ ವೈದ್ಯರ ಕೈಗೆ ಒಪ್ಪಿಸಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರದ ಸೇವೆಯು 14416 ಎಂಬ ಸಂಖ್ಯೆಯಲ್ಲಿ ಹಗಲಿರುಳೂ ದೊರೆಯುತ್ತದೆ, ಕನ್ನಡದಲ್ಲಿಯೂ ಮಾತನಾಡಬಹುದು. ಗುಟ್ಟನ್ನು ಊರಿಗೆಲ್ಲ ಹರಡಬಾರದು. ಆದರೆ ಪ್ರಾಣಕ್ಕೆ ಅಪಾಯವಿದ್ದಾಗ ಯಾರಿಗೂ ಹೇಳುವುದಿಲ್ಲವೆಂಬ ಭಾಷೆಯನ್ನೂ ಕೊಡಬಾರದು.

ಬಹುಮಂದಿ ಮರೆಯುವ ಕೆಲಸವೊಂದು ಉಳಿದಿದೆ. ಚಿಕಿತ್ಸೆ ಪಡೆದು ಹಿಂದಿರುಗಿದ ವಿದ್ಯಾರ್ಥಿಯನ್ನು ಹಾಜರಿ ಸಾಲದೆಂದು ಪರೀಕ್ಷೆಯಿಂದ ದೂಡಿದರೆ, ಮೊದಲು ತೋರಿದ ಕರುಣೆಯೆಲ್ಲವೂ ನೀರಿನಲ್ಲಿ ಹೋಮ ಮಾಡಿದಂತಾಗುವುದು. ಅವನ ಓದಿನ ದಾರಿಯನ್ನು ಮತ್ತೆ ಸುಗಮಗೊಳಿಸುವುದೂ ಆರೈಕೆಯ ಒಂದು ಅಂಗವೇ ಸರಿ.

ಇದೆಲ್ಲವನ್ನೂ ವ್ಯಕ್ತಿಯ ಒಳ್ಳೆಯತನಕ್ಕೇ ಬಿಡುವ ಕಾಲವು ಕಳೆಯಿತು. 2025ರ ಜುಲೈ 25ರಂದು ಭಾರತದ ಸರ್ವೋಚ್ಚ ನ್ಯಾಯಾಲಯವು, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳುಳ್ಳ ವಿದ್ಯಾಸಂಸ್ಥೆಯಲ್ಲಿ ಅರ್ಹತೆಯುಳ್ಳ ಒಬ್ಬ ಸಲಹೆಗಾರರಾದರೂ ಇರಬೇಕೆಂದೂ, ಬೋಧಕರಿಗೂ ಇತರ ನೌಕರರಿಗೂ ವರ್ಷಕ್ಕೆ ಎರಡು ಸಲವಾದರೂ ಈ ವಿಷಯದಲ್ಲಿ ಶಿಕ್ಷಣ ದೊರೆಯಬೇಕೆಂದೂ ಆದೇಶಿಸಿದೆ. ಆದೇಶವು ಕಾಗದದ ಮೇಲೆ ಉಳಿಯುವುದೋ ವಿದ್ಯಾರ್ಥಿನಿಲಯದ ಕೋಣೆಯವರೆಗೆ ತಲುಪುವುದೋ ಎಂಬುದು ನಮ್ಮ ಜಿಲ್ಲೆಯ ಕಾಲೇಜುಗಳ ಆಡಳಿತದವರಿಗೆ ಸೇರಿದ ಮಾತು. ಮಕ್ಕಳನ್ನು ಕಳುಹಿಸಿಕೊಟ್ಟಿರುವ ಹಳ್ಳಿಯ ಹಿರಿಯರು ಅದನ್ನು ವಿಚಾರಿಸುವ ಹಕ್ಕುಳ್ಳವರೆಂಬುದನ್ನು ಅವರು ಮರೆಯಬಾರದು.