ಉತ್ತರದ ಯಾತ್ರೆಗೆ ಯಾವ ಮಾಸ, ಯಾವ ಗಂಟು?

ಗದಗ: ಕಾಶಿ, ಪ್ರಯಾಗ, ಗಯಾ ಮುಗಿಸಿಕೊಂಡು ಹರಿದ್ವಾರದ ಮಾರ್ಗವಾಗಿ ಕೇದಾರ-ಬದರಿಗೆ ಹೋಗಿಬರುವುದು ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದ ಅನೇಕ ಕುಟುಂಬಗಳಿಗೆ ಜೀವಮಾನದಲ್ಲಿ ಒಮ್ಮೆ ಕೈಗೂಡುವ ಸಂಗತಿ. ಈ ಭಾಗಕ್ಕೆ ಆ ಕ್ಷೇತ್ರಗಳೊಂದಿಗೆ ಹಳೆಯ ನಂಟೂ ಇದೆ. ವೀರಶೈವ ಪಂಚಪೀಠಗಳಲ್ಲಿ ಒಂದಾದ ಕೇದಾರ ಪೀಠವು ಊಖೀಮಠದಲ್ಲಿದ್ದು, ಕೇದಾರನಾಥ ದೇಗುಲದ ಪೂಜಾ ಪರಂಪರೆಯಲ್ಲಿ ಕರ್ನಾಟಕ ಮೂಲದ ವೀರಶೈವ ಅರ್ಚಕರೇ ಇದ್ದಾರೆ. ಕಾಶಿಯಲ್ಲಿ ಜಂಗಮವಾಡಿ ಮಠವಿದೆ. ಹಿಮಾಲಯದ ಬುಡದಲ್ಲಿ ಕನ್ನಡ ಕಿವಿಗೆ ಬಿದ್ದರೆ ಆಶ್ಚರ್ಯಪಡಬೇಕಿಲ್ಲ.

ಆದರೆ ಹದಿನೈದರಿಂದ ಇಪ್ಪತ್ತು ದಿನಗಳ ಈ ಪ್ರವಾಸದಲ್ಲಿ ಯಾತ್ರಿಕನು ಮೂರು ಬಗೆಯ ಹವೆಯನ್ನು ದಾಟಬೇಕಾಗುತ್ತದೆ. ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿರುವ ಗದಗದ ಒಣಹವೆಯಿಂದ ಹೊರಟು, ಗಂಗಾ ಬಯಲಿನ ಸೆಕೆಗೆ ಇಳಿದು, 3,583 ಮೀಟರ್ ಎತ್ತರದ ಕೇದಾರನಾಥದ ಚಳಿಗೆ ಏರಬೇಕು. ಒಂದೇ ಗಂಟಿನಲ್ಲಿ ಇವೆಲ್ಲಕ್ಕೂ ಸಿದ್ಧತೆ ಇರಬೇಕು. ಗಂಟು ಕಟ್ಟುವುದಕ್ಕೂ ಮೊದಲು ನಿರ್ಧರಿಸಬೇಕಾದದ್ದು ಹೊರಡುವ ಮಾಸ.

ಮೇ ತಿಂಗಳ ಮೋಹ

ನಮ್ಮ ಜಿಲ್ಲೆಯ ಬಹುಪಾಲು ಯಾತ್ರಿಕರು ಹೊರಡುವುದು ಮೇ ತಿಂಗಳಲ್ಲಿ. ಕಾರಣ ಸರಳ. ಬಿಳಿಜೋಳ, ಕಡಲೆಯ ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಇರುತ್ತದೆ. ಮಕ್ಕಳಿಗೆ ಶಾಲೆಯ ರಜೆ. ಮುಂಗಾರಿ ಬಿತ್ತನೆಗೆ ಇನ್ನೂ ಸಮಯವಿದೆ. ಅತ್ತ ಅಕ್ಷಯ ತೃತೀಯದಂದು ಗಂಗೋತ್ರಿ, ಯಮುನೋತ್ರಿಗಳ ಬಾಗಿಲು ತೆರೆಯುತ್ತದೆ. ಅದರ ಆಸುಪಾಸಿನಲ್ಲಿಯೇ ಕೇದಾರ, ಬದರಿಗಳೂ ತೆರೆಯುತ್ತವೆ. ಕೇದಾರದ ದಿನವನ್ನು ಮಹಾಶಿವರಾತ್ರಿಯಂದು, ಬದರಿಯ ದಿನವನ್ನು ವಸಂತ ಪಂಚಮಿಯಂದು ಪ್ರಕಟಿಸುವುದು ವಾಡಿಕೆ. ಹೀಗೆ ಎಲ್ಲವೂ ಕೂಡಿಬಂದಂತೆ ತೋರುತ್ತದೆ.

ತೊಡಕಿರುವುದು ಇಲ್ಲಿಯೇ. ದೇಶದ ಉಳಿದ ಭಾಗದ ಜನರಿಗೂ ಅದೇ ರಜೆ. ಮೇ ಮತ್ತು ಜೂನ್ ಆರಂಭದಲ್ಲಿ ಕೇದಾರದ ದಾರಿಯಲ್ಲಿ ಜನದಟ್ಟಣೆ ವಿಪರೀತವಿರುತ್ತದೆ; ವಸತಿ, ಕುದುರೆ, ಡೋಲಿ ಎಲ್ಲದರ ದರವೂ ಏರಿರುತ್ತದೆ. ಕಾಶಿಯಲ್ಲಿ ಆಗ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಮೂರು ದಿನ ಆ ಝಳದಲ್ಲಿ ಬಸವಳಿದ ಅರವತ್ತರ ವಯಸ್ಸಿನ ದೇಹವನ್ನು ನಾಲ್ಕನೆಯ ದಿನವೇ ಹಿಮದ ಗಾಳಿಗೆ ಒಡ್ಡಿದರೆ ಅದು ತಾಳುವುದು ಕಷ್ಟ. 2022ರ ಒಂದೇ ಋತುವಿನಲ್ಲಿ ಚಾರ್‌ಧಾಮ್ ಮಾರ್ಗದಲ್ಲಿ 200ಕ್ಕೂ ಹೆಚ್ಚು ಯಾತ್ರಿಕರು ಹೃದಯಾಘಾತ ಮೊದಲಾದ ಆರೋಗ್ಯದ ಕಾರಣಗಳಿಂದ ಅಸುನೀಗಿದರು ಎಂಬುದನ್ನು ಮನೆಯ ಹಿರಿಯರನ್ನು ಕರೆದೊಯ್ಯುವವರು ನೆನಪಿಡಬೇಕು.

ಮಳೆಗಾಲದ ವಿಷಯದಲ್ಲಿ ಚರ್ಚೆಗೆ ಆಸ್ಪದವೇ ಇಲ್ಲ. 2013ರ ಜೂನ್ 16 ಮತ್ತು 17ರಂದು ಕೇದಾರ ಕಣಿವೆಯನ್ನು ಕೊಚ್ಚಿದ ಪ್ರವಾಹ ಮಳೆಗಾಲ ಇನ್ನೂ ಬಾಗಿಲಲ್ಲಿ ನಿಂತಿದ್ದಾಗಲೇ ಬಂದಿತ್ತು. 2025ರ ಆಗಸ್ಟ್ 5ರಂದು ಗಂಗೋತ್ರಿ ಹಾದಿಯ ಧರಾಲಿ ಗ್ರಾಮವನ್ನು ಕೆಸರಿನ ಪ್ರವಾಹ ನುಂಗಿತು. ಅಮರನಾಥ ಯಾತ್ರೆಯಂತೂ ನಡೆಯುವುದೇ ಮಳೆಗಾಲದಲ್ಲಿ. 2023ರ ಜುಲೈನಲ್ಲಿ ಮಳೆ, ಭೂಕುಸಿತಗಳಿಂದ ಆ ಯಾತ್ರೆ ಸ್ಥಗಿತಗೊಂಡಾಗ ಪಂಚತರಣಿಯಲ್ಲಿ ಸಿಲುಕಿದ್ದ ರಾಜ್ಯದ 80ಕ್ಕೂ ಹೆಚ್ಚು ಮಂದಿಯಲ್ಲಿ ಗದಗದವರೂ ಇದ್ದರು. ಅಮರನಾಥಕ್ಕೆ ಹೊರಡುವವರು ಹಿಂದಿರುಗುವ ಟಿಕೆಟ್‌ಗೆ ಮುನ್ನ ಮೂರು-ನಾಲ್ಕು ದಿನಗಳ ಬಿಡುವು ಇಟ್ಟುಕೊಳ್ಳುವುದು, ಔಷಧವನ್ನೂ ಅಷ್ಟು ದಿನಕ್ಕೆ ಹೆಚ್ಚಾಗಿ ಒಯ್ಯುವುದು ಅವಶ್ಯ.

ಬನ್ನಿ ಮುಡಿದ ಮೇಲೆ

ಹಾಗಾದರೆ ಯಾವಾಗ? ವಿಜಯದಶಮಿಗೆ ಬನ್ನಿ ಮುಡಿದ ಮೇಲಿನಿಂದ ದೀಪಾವಳಿಯವರೆಗಿನ ಅವಧಿ ನಮ್ಮ ಭಾಗದವರಿಗೆ ಅತ್ಯಂತ ಹೊಂದುವ ಕಾಲ. ಹೆಸರು ರಾಶಿಯಾಗಿರುತ್ತದೆ, ಹಿಂಗಾರಿ ಜೋಳದ ಬಿತ್ತನೆ ಬಹುತೇಕ ಮುಗಿಯುತ್ತ ಬಂದಿರುತ್ತದೆ, ಶಾಲೆಗಳಿಗೆ ದಸರಾ ರಜೆ ಇರುತ್ತದೆ. (ಉಳ್ಳಾಗಡ್ಡಿ ಬೆಳೆದವರಿಗೆ ಇದು ಕೀಳುವ ಕಾಲವಾದ್ದರಿಂದ ಅವರಿಗೆ ಈ ಲೆಕ್ಕ ಒಗ್ಗದು.) ಸೆಪ್ಟೆಂಬರ್ ಅಂತ್ಯದಿಂದ ಅಕ್ಟೋಬರ್ ಆರಂಭದೊಳಗೆ ಹಿಮಾಲಯದ ಮಳೆ ಸಾಮಾನ್ಯವಾಗಿ ಹಿಂದೆ ಸರಿಯುತ್ತದೆ, ಆಕಾಶ ತಿಳಿಯಾಗಿ ಶಿಖರಗಳು ಸ್ಪಷ್ಟವಾಗಿ ಕಾಣುತ್ತವೆ, ಜನದಟ್ಟಣೆ ಮೇ ತಿಂಗಳಷ್ಟು ಇರುವುದಿಲ್ಲ. ಕಾಶಿಯಲ್ಲಿಯೂ ಬಿಸಿಲು ತಗ್ಗಿ, ಪ್ರವಾಹ ಇಳಿದು ಘಾಟುಗಳ ಮೆಟ್ಟಿಲು ತೆರೆದಿರುತ್ತವೆ.

ಈ ಅವಧಿಗೆ ಕೊನೆಯ ಗಡಿಯೊಂದಿದೆ. ಗಂಗೋತ್ರಿಯ ಬಾಗಿಲು ಬಲಿಪಾಡ್ಯಮಿಯ ಹೊತ್ತಿಗೆ, ಕೇದಾರದ ಬಾಗಿಲು ಅದರ ಮರುದಿನದ ಯಮದ್ವಿತೀಯಕ್ಕೆ ಮುಚ್ಚುತ್ತವೆ. 2025ರಲ್ಲಿ ಕೇದಾರನಾಥ ಮೇ 2ರಂದು ತೆರೆದು ಅಕ್ಟೋಬರ್ 23ರಂದು ಮುಚ್ಚಿತು. ಆದ್ದರಿಂದ ಮೊದಲು ಬೆಟ್ಟ, ಬಳಿಕ ಬಯಲು ಎಂಬ ಕ್ರಮ ಅನುಸರಿಸುವುದು ಒಳಿತು. ನಮ್ಮಲ್ಲಿ ಕಾಶಿಯಿಂದಲೇ ಆರಂಭಿಸುವ ಪದ್ಧತಿ ಇದೆ. ಅಕ್ಟೋಬರ್ ಯಾತ್ರೆಯಲ್ಲಿ ಅದನ್ನು ತಿರುವುಮುರುವು ಮಾಡಿದರೆ ಕೇದಾರ ತಪ್ಪುವ ಭಯವಿಲ್ಲ. ಹಿಂದಿರುಗುವಾಗ ದೇಹಕ್ಕೂ ಹಿತ. ಡಿಸೆಂಬರ್ ಕೊನೆ ಮತ್ತು ಜನವರಿಯಲ್ಲಿ ಕಾಶಿಯ ಕಡೆ ದಟ್ಟ ಮಂಜಿನಿಂದ ರೈಲುಗಳು ತಾಸುಗಟ್ಟಲೆ ತಡವಾಗುತ್ತವೆ ಎಂಬುದನ್ನೂ ತಿಳಿದಿರಬೇಕು.

ಎರಡು ಚೀಲಗಳ ಲೆಕ್ಕ

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಪಟ್ಟಣಗಳಿಗೆ ರೈಲಿಲ್ಲ. ಬಸ್ಸಿನಲ್ಲಿ ಗದಗ ಅಥವಾ ಹುಬ್ಬಳ್ಳಿ ನಿಲ್ದಾಣ ತಲುಪಿ ಅಲ್ಲಿಂದ ಮುಂದೆ ಹೋಗಬೇಕು. ಎಂದರೆ ರೈಲು ಹತ್ತುವ ಮೊದಲೇ ಸಾಮಾನನ್ನು ಎರಡು ಬಾರಿ ಎತ್ತಿಳಿಸುವ ಕೆಲಸವಿದೆ. ರೈಲಿನ ಸ್ಲೀಪರ್ ದರ್ಜೆಯಲ್ಲಿ ತಲೆಗೆ 40 ಕಿಲೋ ಸಾಮಾನು ಉಚಿತವೆಂಬುದು ನಿಜ. ಆದರೆ ಹರಿದ್ವಾರದ ಪ್ಲಾಟ್‌ಫಾರ್ಮ್‌ನಲ್ಲಿ ಅದನ್ನು ಹೊರುವವರು ನಾವೇ.

ಒಬ್ಬರಿಗೆ ಎರಡು ಚೀಲ ಸಾಕು. ದೊಡ್ಡದು ಬಯಲಿನದು, ಬೆನ್ನಿಗೆ ಹಾಕುವ ಚಿಕ್ಕದು ಬೆಟ್ಟದ್ದು. ದೊಡ್ಡ ಚೀಲವನ್ನು ಹರಿದ್ವಾರದ ಅಥವಾ ಗುಪ್ತಕಾಶಿಯ ವಸತಿಯಲ್ಲಿ ಬಿಟ್ಟು, ಚಿಕ್ಕದರೊಂದಿಗೆ ಮೇಲೇರಬೇಕು. ಗೌರಿಕುಂಡದಿಂದ ಕೇದಾರಕ್ಕೆ ಕಾಲ್ನಡಿಗೆ 16 ಕಿಲೋಮೀಟರ್‌ಗೂ ಹೆಚ್ಚು. ಅಲ್ಲಿ ಒಂದೊಂದು ಕಿಲೋ ಭಾರವೂ ಲೆಕ್ಕಕ್ಕೆ ಬರುತ್ತದೆ.

ನಮ್ಮ ಮನೆಗಳಲ್ಲಿ ಚಳಿಯೆಂದರೆ ಕಂಬಳಿ. ರೈಲಿನ ಬರ್ತಿನ ಮೇಲೆ ಅದಕ್ಕಿಂತ ಒಳ್ಳೆಯ ಹಾಸಿಗೆಯಿಲ್ಲ. ಆದರೆ ಕುರಿ ಉಣ್ಣೆಯ ಕಂಬಳಿ ಒಮ್ಮೆ ನೆನೆದರೆ ಹೊರಲಾಗದಷ್ಟು ಭಾರವಾಗುತ್ತದೆ, ಒಣಗಲು ದಿನಗಳೇ ಬೇಕು. ಅದು ದೊಡ್ಡ ಚೀಲದೊಂದಿಗೆ ಕೆಳಗೇ ಉಳಿಯಲಿ. ಮೇಲೆ ಬೇಕಾದದ್ದು ಒಂದೇ ದಪ್ಪ ಹೊದಿಕೆಯಲ್ಲ, ಕಳಚಿ ತೊಡಬಹುದಾದ ಪದರಗಳು: ಮೈಗಂಟಿದ ತೆಳು ಉಣ್ಣೆಯ ಅಥವಾ ಬೇಗ ಒಣಗುವ ಒಳ ಅಂಗಿ, ಅದರ ಮೇಲೆ ಸ್ವೆಟರ್, ಎಲ್ಲಕ್ಕೂ ಹೊರಗೆ ಗಾಳಿ-ಮಳೆ ತಡೆಯುವ ಜಾಕೀಟು. ಹತ್ತಿ ಬಟ್ಟೆ ಬೆವರು ಹೀರಿ ತಣ್ಣಗೆ ಮೈಗೆ ಅಂಟಿಕೊಳ್ಳುವುದರಿಂದ ಏರುವಾಗ ಅದು ಒಳಗಿರಬಾರದು. ಬೆಟಗೇರಿಯ ಹತ್ತಿ ಸೀರೆ ಕಾಶಿಗೆ ಹೇಳಿ ಮಾಡಿಸಿದ್ದು; ಕೇದಾರದ ಕೆಸರು ದಾರಿಯಲ್ಲಿ ಮಾತ್ರ ತಾಯಂದಿರು ಹಟ ಬಿಟ್ಟು ಸಲ್ವಾರ್ ಧರಿಸುವುದು ಸುರಕ್ಷಿತ. ಉಣ್ಣೆಯ ಟೊಪ್ಪಿಗೆ, ಕೈಗವಸು, ಮೂರು ಜೊತೆ ಕಾಲುಚೀಲ ಇರಲಿ. ಪ್ರತಿಯೊಂದನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಯೇ ಇಡಬೇಕು.

ಇವು ಅತಿಯಾದ ಎಚ್ಚರಿಕೆಯೆಂದು ತೋರಬಹುದು. 2024ರ ಜೂನ್ ಮೊದಲ ವಾರದಲ್ಲಿ, ಎಂದರೆ ಬೇಸಿಗೆಯಲ್ಲಿಯೇ, ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಕರ್ನಾಟಕದಿಂದ ಹೋಗಿದ್ದ ತಂಡದ 9 ಮಂದಿ ಹಠಾತ್ ಹಿಮಗಾಳಿಗೆ ಸಿಲುಕಿ ಮೃತಪಟ್ಟರು. ಆ ದಾರಿ ಯಾತ್ರಾ ಮಾರ್ಗಕ್ಕಿಂತ ಬಹಳ ಎತ್ತರದ್ದು. ಗಾಳಿಯ ಸ್ವಭಾವ ಮಾತ್ರ ಅದೇ.

ಪಾದರಕ್ಷೆಯನ್ನು ಹೊರಡುವ ಮುನ್ನಾದಿನ ಕೊಳ್ಳಬಾರದು. ಹೊಸ ಬೂಟು ಮೊದಲ ಎರಡು ತಾಸಿನಲ್ಲಿಯೇ ಹಿಮ್ಮಡಿಯಲ್ಲಿ ಬೊಬ್ಬೆ ಎಬ್ಬಿಸುತ್ತದೆ. ಒಂದು ತಿಂಗಳ ಮೊದಲೇ ಕೊಂಡು, ದಿನವೂ ನಡೆದು, ಎರಡು-ಮೂರು ಭಾನುವಾರ ಕಪ್ಪತಗುಡ್ಡದ ಗಾಳಿಗುಂಡಿ ಬಸವಣ್ಣನವರೆಗೆ ಏರಿ ಇಳಿದರೆ ಬೂಟಿಗೂ ಕಾಲಿಗೂ ಪರೀಕ್ಷೆಯಾಗುತ್ತದೆ. ಅಲ್ಲಿಯೇ ಎದೆ ಬಿಗಿಯುವವರು ವೈದ್ಯರನ್ನು ಕಾಣದೆ ಮುಂದುವರಿಯಬಾರದು.

ಬುತ್ತಿ ಮತ್ತು ಒಲೆ

ಬುತ್ತಿಯ ವಿಷಯದಲ್ಲಿ ನಮ್ಮವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಖಡಕ್ ಜೋಳದ ರೊಟ್ಟಿ, ಶೇಂಗಾ ಮತ್ತು ಗುರೆಳ್ಳಿನ ಚಟ್ನಿಪುಡಿ, ಮಾದಲಿ, ಹಚ್ಚಿದ ಅವಲಕ್ಕಿ ವಾರಗಟ್ಟಲೆ ಕೆಡುವುದಿಲ್ಲ. ರೊಟ್ಟಿ ತೇವದ ಹವೆಯಲ್ಲಿ ಮೆತ್ತಗಾಗುವುದರಿಂದ ಗಾಳಿಯಾಡದ ಡಬ್ಬಿ ಬೇಕು. ಎತ್ತರದಲ್ಲಿ ಹಸಿವು ಕುಂದುತ್ತದೆ. ಬೆಲ್ಲ, ಶೇಂಗಾ ಉಂಡೆ ಜೇಬಿನಲ್ಲಿದ್ದರೆ ನಡೆಯುವಾಗ ಬಾಯಿಗೆ ಹಾಕಿಕೊಳ್ಳಬಹುದು.

ತಂಡವಾಗಿ ಹೋಗುವವರು ಅಡುಗೆಗೆಂದು ಗ್ಯಾಸ್ ಸಿಲಿಂಡರ್ ಅಥವಾ ಸೀಮೆಎಣ್ಣೆ ಒಲೆಯನ್ನು ರೈಲಿನಲ್ಲಿ ಒಯ್ಯುವ ರೂಢಿ ಮಾತ್ರ ನಿಲ್ಲಬೇಕು. ಅದು ಅಪರಾಧ. 2023ರ ಆಗಸ್ಟ್ 26ರಂದು ಮದುರೆಯಲ್ಲಿ ನಿಂತಿದ್ದ ಪ್ರವಾಸಿ ಬೋಗಿಗೆ, ಯಾತ್ರಿಕರು ಒಳಗೆ ತಂದಿದ್ದ ಸಿಲಿಂಡರಿನಿಂದ ಬೆಂಕಿ ಹತ್ತಿ 9 ಮಂದಿ ಸಾವನ್ನಪ್ಪಿದರು.

ಏರುವಾಗ ನಿಧಾನ

ಸುಮಾರು 2,500 ಮೀಟರ್ ದಾಟಿದ ಮೇಲೆ ಗಾಳಿಯಲ್ಲಿ ಆಮ್ಲಜನಕದ ಒತ್ತಡ ಕಡಿಮೆಯಾಗಿ ತಲೆನೋವು, ವಾಕರಿಕೆ, ನಿದ್ರೆ ಬಾರದಿರುವಿಕೆ ಕಾಣಿಸಬಹುದು. ಯೌವನ ಇದಕ್ಕೆ ರಕ್ಷೆಯಲ್ಲ. ಗುಪ್ತಕಾಶಿ ಅಥವಾ ಸೋನಪ್ರಯಾಗದಲ್ಲಿ ಒಂದು ರಾತ್ರಿ ಹೆಚ್ಚಾಗಿ ತಂಗಿ ದೇಹವನ್ನು ಒಗ್ಗಿಸಿಕೊಳ್ಳಬೇಕು. ನಡಿಗೆಯಲ್ಲಿ ತೂರಾಟ, ಮಾತಿನಲ್ಲಿ ಗೊಂದಲ, ಕುಳಿತಾಗಲೂ ಏದುಸಿರು ಕಂಡರೆ ದರ್ಶನಕ್ಕೆಂದು ಕಾಯದೆ ಕೂಡಲೇ ಕೆಳಗಿಳಿಸಿ ವೈದ್ಯರ ಬಳಿ ಕರೆದೊಯ್ಯಬೇಕು. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆಗಳು ಚಿಕ್ಕ ಚೀಲದಲ್ಲಿಯೇ ಇರಲಿ. ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು, ಅದನ್ನು ರಾತ್ರಿ ಮೈಗೆ ತಾಗಿದಂತೆ ಇಟ್ಟುಕೊಳ್ಳಬೇಕು. ಚಳಿಯಲ್ಲಿ ಮೊಬೈಲ್ ಬ್ಯಾಟರಿಯೂ ಬೇಗ ಇಳಿಯುತ್ತದೆ; ಮನೆಯವರ ಸಂಖ್ಯೆಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಚಾರ್‌ಧಾಮ್‌ಗೆ ಉತ್ತರಾಖಂಡ ಸರ್ಕಾರದ ನೋಂದಣಿ ಕಡ್ಡಾಯ. ಅಮರನಾಥಕ್ಕೆ ವೈದ್ಯಕೀಯ ಪ್ರಮಾಣಪತ್ರವೂ ಬೇಕು. ರಾಜ್ಯದ ಧಾರ್ಮಿಕ ದತ್ತಿ ಇಲಾಖೆಯ ಸಹಾಯಧನ ಬಯಸುವವರು ಹೊರಡುವ ಮೊದಲೇ ನಿಯಮ ವಿಚಾರಿಸಿ, ಟಿಕೆಟ್ ಮತ್ತು ರಸೀದಿಗಳನ್ನು ಜೋಪಾನ ಮಾಡಬೇಕು.

ಇನ್ನು, ಹದಿನಾರು ಕಿಲೋಮೀಟರ್ ಏರಲಾಗದ ವೃದ್ಧರಿಗೆ ಬೇರೊಂದು ದಾರಿಯಿದೆ. ಬಾಗಿಲು ಮುಚ್ಚಿದ ಮೇಲೆ ಕೇದಾರನಾಥನ ಉತ್ಸವಮೂರ್ತಿ ಪಲ್ಲಕ್ಕಿಯಲ್ಲಿ ಊಖೀಮಠದ ಓಂಕಾರೇಶ್ವರ ದೇವಾಲಯಕ್ಕೆ ಇಳಿದುಬರುತ್ತದೆ. ಆರು ತಿಂಗಳ ಪೂಜೆ ಅಲ್ಲಿಯೇ ನಡೆಯುತ್ತದೆ. ಎತ್ತರ ಸುಮಾರು 1,300 ಮೀಟರ್, ರಸ್ತೆಯಲ್ಲಿಯೇ ತಲುಪಬಹುದು. ನವೆಂಬರ್‌ನಲ್ಲಿ ಹೊರಟರೆ ಒಂದು ಸ್ವೆಟರ್, ಒಂದು ಶಾಲು, ಒಂದೇ ಚೀಲ ಸಾಕಾಗುತ್ತದೆ.